ಕರೆಂಟ್ ಹೋದರೂ ಎಚ್ಚರವಿರುವ ಕಂಪ್ಯೂಟರ್: ಮಲೆನಾಡಿನ ಮನೆಗೆ ಕಟ್ಟಿದ್ದು

ಇಪ್ಪತ್ನಾಲ್ಕು ಗಂಟೆಯೂ ಚಾಲೂ ಇರುವ ಕಂಪ್ಯೂಟರೊಂದು ಮನೆಯಲ್ಲಿರಲಿ ಅಂತ ಹೊರಟವರಿಗೆ ಸಿಗುವ ಸಲಹೆಯೆಲ್ಲ ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಸುತ್ತಲೇ ಇರುತ್ತೆ. ಮೇಗರವಳ್ಳಿ ಆಸುಪಾಸಿನ ನಮ್ಮಂಥ ಮನೆಗೆ ಅದೆಲ್ಲ ಆಮೇಲಿನ ಮಾತು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ. ಜುಲೈ ಗಾಳಿಗೆ ಒಂದು ಮರ ಲೈನ್ ಮೇಲೆ ಒರಗಿದರೆ ಕರೆಂಟ್ ಮರುದಿನ ಬಂದರೂ ಪುಣ್ಯ. ಹಾಗಾಗಿ ಇಲ್ಲಿ ಮೊದಲು ಕೇಳಬೇಕಾದ್ದು, ಕರೆಂಟ್ ಇಲ್ಲದೆ ಅದು ಎಷ್ಟು ಹೊತ್ತು ಬದುಕುತ್ತೆ ಅಂತ. ನನಗೆ ಕಡಿಮೆ ವ್ಯಾಟ್‌ನ ಯಂತ್ರವೇ ಬೇಕಾಗಿದ್ದು ಈ ಒಂದು ಕಾರಣಕ್ಕೆ. ಬಿಲ್ ಉಳಿಯೋದು ಅದರ ಜೊತೆಗೆ ಸಿಕ್ಕ ಲಾಭ.

ಬಿಲ್ಲಿನ ಲೆಕ್ಕವನ್ನೂ ಹೇಳಿಬಿಡ್ತೀನಿ. ಹಳೆಯ ಡೆಸ್ಕ್‌ಟಾಪ್ ಸುಮ್ಮನೆ ಕೂತಾಗಲೂ 60 ವ್ಯಾಟ್ ತಿಂದರೆ ತಿಂಗಳಿಗೆ 43 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್‌ನ ಮಿತಿಯೊಳಗೂ ಪ್ರತಿ ಮನೆಗೆ ಅದರದೇ ಹಳೆಯ ಸರಾಸರಿಯ ಮೇಲೆ ನಿಂತ ಮಿತಿ ಬೇರೆ ಇದೆ. ದಿಢೀರನೆ 43 ಯೂನಿಟ್ ಸೇರಿದರೆ ಆ ಮಿತಿ ದಾಟಿ ದುಡ್ಡು ಕಟ್ಟಬೇಕಾಗುತ್ತೆ. 7 ವ್ಯಾಟ್‌ನ ಯಂತ್ರವಾದರೆ ತಿಂಗಳಿಗೆ 5 ಯೂನಿಟ್. ಒಂದು ಎಲ್‌ಇಡಿ ಬಲ್ಬ್ ಹಗಲು ರಾತ್ರಿ ಉರಿಸಿಟ್ಟಷ್ಟು, ಅಷ್ಟೆ.

ನಮ್ಮ ಮನೆಯಲ್ಲಿ ಅದಕ್ಕೆ ಇರುವ ಕೆಲಸ ಇಷ್ಟು. ಎಲ್ಲರ ಮೊಬೈಲ್ ಫೋಟೊ ತಾನಾಗಿ ಬಂದು ಸೇರಬೇಕು. ಅಡಿಕೆ ಮಂಡಿಯ ಚೀಟಿ, ಪಹಣಿ, ಗೊಬ್ಬರದ ಬಿಲ್ ಸ್ಕ್ಯಾನ್ ಆಗಿ ಒಂದು ಕಡೆ ಸಿಗಬೇಕು. ಮಕ್ಕಳ ಟೀವಿ ಮತ್ತು ಫೋನಿಗೆ ಬರುವ ಜಾಹೀರಾತು ಸೋಸಬೇಕು. ನೆಟ್‌ವರ್ಕ್ ಸತ್ತ ದಿನ ಓದಲಿಕ್ಕೆ ಕನ್ನಡ ವಿಕಿಪೀಡಿಯ ಒಳಗೇ ಇರಬೇಕು. ಮತ್ತೆ ಎಲ್ಲಕ್ಕಿಂತ ಮುಖ್ಯ, ತೋಟದ ಮಳೆ ಅಳತೆ ಬರೆದಿಡಬೇಕು. ಕರೆಂಟ್ ಹೋಗೋದು ಜೋರು ಮಳೆಯಲ್ಲೇ. ಕರೆಂಟ್ ಹೋದಾಗ ನಿಲ್ಲುವ ಮಳೆ ದಾಖಲೆ ಇದ್ದರೂ ಇಲ್ಲದಿದ್ದರೂ ಒಂದೇ.

ಯಂತ್ರ ಆರಿಸುವಾಗ ರಾಸ್ಪ್‌ಬೆರಿ ಪೈ 4 ಮೊದಲು ಮನಸ್ಸಿಗೆ ಬಂತು. 2019ರಲ್ಲಿ ಬಂದ, ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್, ಸುಮ್ಮನಿದ್ದಾಗ 3 ವ್ಯಾಟ್ ಆಸುಪಾಸು. ಬಿಟ್ಟಿದ್ದು ಎರಡು ಕಾರಣಕ್ಕೆ. ಒಂದು, ಅದು ಸಾಮಾನ್ಯವಾಗಿ ಓಡೋದು ಎಸ್‌ಡಿ ಕಾರ್ಡಿನಿಂದ. ಪದೇಪದೇ ಬರೆಯುವ ಕೆಲಸಕ್ಕೆ, ಹಠಾತ್ ಕರೆಂಟ್ ಹೋಗುವ ಊರಿಗೆ ಆ ಕಾರ್ಡ್ ಬಾಳಿಕೆ ಬರಲ್ಲ. ಎರಡನೆಯದು ಹೆಚ್ಚು ಮುಖ್ಯ: ಪೈ 4ರಲ್ಲಿ ತನ್ನದೇ ಗಡಿಯಾರ ಇಲ್ಲ. ಹೊತ್ತು ಎಷ್ಟು ಅಂತ ಅದು ಇಂಟರ್ನೆಟ್ ಕೇಳಿ ತಿಳಿದುಕೊಳ್ಳಬೇಕು. ನಮ್ಮಲ್ಲಿ ಕರೆಂಟ್ ಮೊದಲು ಬರುತ್ತೆ, ನೆಟ್ ಬರೋದು ಎಷ್ಟೋ ಹೊತ್ತಿನ ಮೇಲೆ. ಆ ನಡುವಿನ ದಾಖಲೆಯೆಲ್ಲ ತಪ್ಪು ಸಮಯದಲ್ಲಿ ಬೀಳುತ್ತೆ. ಪೈ ಇರುವವರು ಡಿಎಸ್ 3231 ಗಡಿಯಾರದ ಪುಟ್ಟ ಮಾಡ್ಯೂಲ್ ಒಂದನ್ನು ಸಿಕ್ಕಿಸಿಕೊಂಡರೆ ಈ ತಲೆನೋವು ಮುಗೀತು. 2023ರ ಪೈ 5ರಲ್ಲಿ ಗಡಿಯಾರ ಬೋರ್ಡಿನಲ್ಲೇ ಇದೆ, ಅದಕ್ಕೊಂದು ಬ್ಯಾಟರಿ ಜೋಡಿಸಬೇಕು.

ನಾನು ತಂದದ್ದು ಇಂಟೆಲ್ ಎನ್ 100 ಚಿಪ್ ಇರುವ, ಫ್ಯಾನ್ ಇಲ್ಲದ, ಅಂಗೈಯಗಲದ ಪೆಟ್ಟಿಗೆ. ನಾಲ್ಕು ಕೋರ್, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಚಿಪ್‌ನ ವಿವರದಲ್ಲಿ 6 ವ್ಯಾಟ್ ಅಂತ ಇದ್ದರೂ ಅದು ಚಿಪ್ ಒಂದರದ್ದೇ ಲೆಕ್ಕ. ಗೋಡೆಯ ಪ್ಲಗ್ಗಿನಲ್ಲಿ ವ್ಯಾಟ್ ಮೀಟರ್ ಹಾಕಿ ನೋಡಿದರೆ ಇಡೀ ಪೆಟ್ಟಿಗೆ ಸುಮ್ಮನಿದ್ದಾಗ 7, ಫೋಟೊಗಳನ್ನು ವಿಂಗಡಿಸುವಾಗ 20 ದಾಟುತ್ತೆ. ಇದನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣ ಅಡಾಪ್ಟರ್ ಮೇಲೆ ಬರೆದಿದ್ದ 12 ವೋಲ್ಟ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಆಫೀಸುಗಳಿಂದ ಬಂದ ಹಳೆಯ ಚಿಕ್ಕ ಕಂಪ್ಯೂಟರ್‌ಗಳು ಅಗ್ಗಕ್ಕೆ ಸಿಗುತ್ತವೆ, ಗಟ್ಟಿಮುಟ್ಟಾಗಿಯೂ ಇರುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು 19 ಅಥವಾ 20 ವೋಲ್ಟಿನವು. ಬ್ಯಾಟರಿಯಿಂದ ನೇರ ಓಡಿಸುವ ಯೋಚನೆ ಇದ್ದರೆ ಕೊಳ್ಳುವ ಮೊದಲು ಅಡಾಪ್ಟರ್ ತಿರುಗಿಸಿ ನೋಡಿ.

ಬ್ಯಾಟರಿಯಿಂದ ನೇರ ಅಂದೆ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಅದಕ್ಕೇ ಸಿಕ್ಕಿಸಿದರೆ ಆಗಲ್ವಾ ಅಂತ ಮನೆಯವರೂ ಕೇಳಿದರು. ಇನ್ವರ್ಟರ್‌ನ ಬ್ಯಾಟರಿ ವೈರಿಗೆ ಡಿಸಿ ಕ್ಲಾಂಪ್ ಮೀಟರ್ ಹಾಕಿ ತೋರಿಸಿದೆ. ಮನೆಯ ಎಲ್ಲ ಸ್ವಿಚ್ ಆರಿಸಿದಾಗಲೂ ಒಂದೂವರೆ ಆಂಪಿಯರ್ ಹರೀತಿತ್ತು. ಅಂದರೆ 18 ವ್ಯಾಟ್ ಇನ್ವರ್ಟರ್ ತನ್ನ ಹೊಟ್ಟೆಗೇ ಹಾಕಿಕೊಳ್ಳುತ್ತೆ. 7 ವ್ಯಾಟ್‌ನ ಕಂಪ್ಯೂಟರ್ ಸಾಕಲಿಕ್ಕೆ 18 ವ್ಯಾಟ್ ದಂಡ. ಬ್ಯಾಟರಿಯ 12 ವೋಲ್ಟನ್ನು 230 ಮಾಡಿ, ಅಡಾಪ್ಟರ್ ಅದನ್ನು ಮತ್ತೆ 12ಕ್ಕೆ ಇಳಿಸಿ, ಎರಡೂ ಕಡೆ ಸೋರಿಕೆ. ಇಂಟರ್ನೆಟ್ ತರುವ ಫೈಬರ್ ಪೆಟ್ಟಿಗೆಗೂ ರೂಟರ್‌ಗೂ 12 ವೋಲ್ಟೇ ಬೇಕಾಗಿರೋದು. ಮೂರಕ್ಕೂ ಸೇರಿ ಪ್ರತ್ಯೇಕ ಬ್ಯಾಟರಿ ಇಟ್ಟರೆ ಇಷ್ಟೂ ಉಳಿಯುತ್ತೆ.

ಈಗ ಕಟ್ಟಿದ್ದು ಹೇಗೆ ಅಂತ ವಿವರವಾಗಿ ಬರೀತೀನಿ, ಯಾರಾದರೂ ಮಾಡಿಕೊಳ್ಳುವುದಿದ್ದರೆ ಉಪಯೋಗಕ್ಕೆ ಬರಲಿ.

ಬ್ಯಾಟರಿ 12.8 ವೋಲ್ಟ್, 50 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್. 640 ವ್ಯಾಟ್ ಅವರ್. ಕಂಪ್ಯೂಟರ್ 7, ಫೈಬರ್ ಪೆಟ್ಟಿಗೆ 5, ರೂಟರ್ 4, ಒಟ್ಟು 16 ವ್ಯಾಟ್. ನಡುವಿನ ಕನ್ವರ್ಟರ್‌ನ ಸೋರಿಕೆ ಸೇರಿಸಿ 18. ಬ್ಯಾಟರಿಯನ್ನು ಪೂರ್ತಿ ಹಿಂಡದೆ ಶೇ. 85ರಷ್ಟು ಬಳಸಿದರೆ ಸರಿಸುಮಾರು 30 ಗಂಟೆ. ಅದೇ 60 ವ್ಯಾಟ್‌ನ ಡೆಸ್ಕ್‌ಟಾಪ್ ಇದ್ದಿದ್ದರೆ ಇಷ್ಟೇ ಬ್ಯಾಟರಿ ಎಂಟು ಗಂಟೆ ಕೂಡ ತಡೀತಿರಲಿಲ್ಲ.

ಚಾರ್ಜ್ ಆಗುವ ದಾರಿ ಹೀಗಿದೆ. 24 ವೋಲ್ಟ್ 5 ಆಂಪಿಯರ್‌ನ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು 24 ವೋಲ್ಟ್ ಡಿಸಿ ಮಾಡುವ ಸಪ್ಲೈ, ಅದರ ಮುಂದೆ ವೋಲ್ಟ್ ಮತ್ತು ಆಂಪಿಯರ್ ಎರಡನ್ನೂ ತಿರುಪಿನಿಂದ ಕಟ್ಟಿಹಾಕಬಹುದಾದ ಸ್ಟೆಪ್ ಡೌನ್ ಮಾಡ್ಯೂಲ್. ಆಂಪಿಯರ್ ಮಿತಿ ಇಲ್ಲದ ಸಪ್ಲೈ ಕೊಟ್ಟರೆ ಬರಿದಾದ ಬ್ಯಾಟರಿ ಒಮ್ಮೆಲೇ ಎಳೆದು ಸಪ್ಲೈ ಆನ್ ಆಫ್ ಆಗ್ತಾ ಕೂರುತ್ತೆ. ಮಾಡ್ಯೂಲ್‌ನ ಔಟ್‌ಪುಟ್ಟಿಗೆ ಒಂದು ಶಾಟ್‌ಕಿ ಡಯೋಡ್ ಬೇಕು. ಅದಿಲ್ಲದಿದ್ದರೆ ಕರೆಂಟ್ ಇಲ್ಲದಾಗ ಬ್ಯಾಟರಿ ಹಿಮ್ಮುಖವಾಗಿ ಮಾಡ್ಯೂಲ್‌ಗೇ ಹರಿಯುತ್ತೆ. ವೋಲ್ಟ್ ಹೊಂದಿಸುವಾಗ ಮೀಟರ್‌ನ ಕಡ್ಡಿಯನ್ನು ಡಯೋಡಿನ ಈಚೆ, ಬ್ಯಾಟರಿ ಕಡೆ ಇಟ್ಟು 13.8ಕ್ಕೆ ತನ್ನಿ, ಮಾಡ್ಯೂಲ್ ಕಡೆ ಇಟ್ಟರೆ ಡಯೋಡ್ ನುಂಗುವಷ್ಟು ಕಡಿಮೆಯಾಗುತ್ತೆ. ಈ ಜಾತಿಯ ಬ್ಯಾಟರಿಗೆ 14.6ರವರೆಗೂ ಕೊಡಬಹುದು. ಆದರೆ ವರ್ಷವಿಡೀ ತುಂಬಿಯೇ ಕೂರುವ ಬ್ಯಾಟರಿಗೆ 13.8 ಸಾಕು, ಬಾಳಿಕೆಯೂ ಬರುತ್ತೆ.

ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ 10 ಆಂಪಿಯರ್‌ನ ಫ್ಯೂಸ್, ಕಾರು ಜೀಪಿನಲ್ಲಿ ಹಾಕುವಂಥದ್ದು. ಇದನ್ನು ಯಾರೂ ಬಿಡಬೇಡಿ. ಇಲಿ ವೈರ್ ಕಡಿದು ಶಾರ್ಟ್ ಆದರೆ ಇಂಥ ಬ್ಯಾಟರಿಯಿಂದ ನುಗ್ಗುವ ಕರೆಂಟಿಗೆ ವೈರಿನ ಹೊದಿಕೆ ಹೊತ್ತಿಕೊಳ್ಳುತ್ತೆ, ಮೇಲೆ ಮರದ ಅಟ್ಟ ಇದೆ.

ಬ್ಯಾಟರಿಯಿಂದ ಕಂಪ್ಯೂಟರ್‌ಗೆ ನೇರ ಕೊಟ್ಟಿಲ್ಲ. ಬ್ಯಾಟರಿ ತುಂಬಿದಾಗ 13.8, ಇಳಿದಾಗ 12ರ ಕೆಳಗೆ. ಒಳಗೆ 9ರಿಂದ 36 ವೋಲ್ಟ್ ಯಾವುದು ಬಂದರೂ ಹೊರಗೆ 12 ಕೊಡುವ ಕನ್ವರ್ಟರ್ ವಾಹನಗಳ ಬಳಕೆಗೆ ಅಂತಲೇ ಬರುತ್ತೆ. ಅಲ್ಯೂಮಿನಿಯಂ ಮೈ, ಒಳಗೆ ರಾಳ ತುಂಬಿರುತ್ತೆ, ತೇವ ಹೋಗಲ್ಲ. ಅದನ್ನೇ ಹಾಕಿದೆ.

ಇನ್ನು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. 30 ಗಂಟೆ ಮೀರಿ ಕರೆಂಟ್ ಬರದಿದ್ದರೆ ಕಂಪ್ಯೂಟರ್ ತಾನೇ ಅಚ್ಚುಕಟ್ಟಾಗಿ ಮುಚ್ಚಿಕೊಳ್ಳಬೇಕು, ಕರೆಂಟ್ ಬಂದ ಮೇಲೆ ತಾನೇ ಏಳಬೇಕು. ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಕರೆಂಟ್ ಬಂದೊಡನೆ ಆನ್ ಆಗು ಅನ್ನುವ ಆಯ್ಕೆ ಇರುತ್ತೆ, ಅದನ್ನು ಆನ್ ಮಾಡಿದರೆ ಸಾಕು ಅಂತ ಎಲ್ಲರೂ ಹೇಳ್ತಾರೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಯಂತ್ರಕ್ಕೆ ಅದು ಸರಿ. ಬ್ಯಾಟರಿಗೆ ಕಟ್ಟಿದ ಯಂತ್ರಕ್ಕೆ ಅದು ಕೆಲಸ ಮಾಡಲ್ಲ. ಕಂಪ್ಯೂಟರ್ ಮುಚ್ಚಿಕೊಂಡ ಮೇಲೂ ಬ್ಯಾಟರಿಯಿಂದ 12 ವೋಲ್ಟ್ ಬರ್ತಾನೇ ಇರುತ್ತೆ. ಕರೆಂಟ್ ಹೋಯಿತು, ಬಂತು ಅನ್ನೋದು ಅದಕ್ಕೆ ಗೊತ್ತೇ ಆಗಲ್ಲ. ಯಾರಾದರೂ ಹೋಗಿ ಬಟನ್ ಒತ್ತುವವರೆಗೆ ಸುಮ್ಮನೆ ಮಲಗಿರುತ್ತೆ.

ಇದಕ್ಕೊಂದು ಕಾವಲುಗಾರ ಬೇಕಾಯಿತು. ಇಎಸ್‌ಪಿ 32 ಅನ್ನುವ, ವೈಫೈ ಇರುವ ಪುಟ್ಟ ಕಂಟ್ರೋಲರ್ ಬೋರ್ಡ್ ಒಂದನ್ನು ಬ್ಯಾಟರಿ ಪಕ್ಕ ಕೂರಿಸಿದೆ. ಗೋಡೆಯ ಪ್ಲಗ್ಗಿನಲ್ಲಿ ಹಳೆಯ ಮೊಬೈಲ್ ಚಾರ್ಜರ್ ಇದೆ. ಅದರ 5 ವೋಲ್ಟನ್ನು 10 ಕಿಲೊ ಓಮ್, 20 ಕಿಲೊ ಓಮ್‌ನ ಎರಡು ರೆಸಿಸ್ಟರ್‌ಗಳಿಂದ 3.3ಕ್ಕೆ ಇಳಿಸಿ ಬೋರ್ಡಿನ ಕಾಲಿಗೆ ಕೊಟ್ಟಿದ್ದೇನೆ. ಕರೆಂಟ್ ಇದೆಯಾ ಇಲ್ಲವಾ ಅಂತ ತಿಳಿಯೋದು ಹಾಗೆ. ಬ್ಯಾಟರಿ ವೋಲ್ಟೇಜನ್ನೂ ಕಂಪ್ಯೂಟರ್ ಎಳೆಯುವ ಆಂಪಿಯರನ್ನೂ ಐಎನ್‌ಎ 219 ಚಿಪ್ ಅಳೆದು ಹೇಳುತ್ತೆ. ಈ ಬ್ಯಾಟರಿಯ ವೋಲ್ಟೇಜ್ ಬಹಳ ಹೊತ್ತು 13ರ ಆಸುಪಾಸಿನಲ್ಲೇ ಸಪಾಟಾಗಿ ಸಾಗಿ, ಕೊನೆಗೆ ಒಮ್ಮೆಲೇ ಜಾರುತ್ತೆ. ಅದಕ್ಕೇ 12.8ಕ್ಕಿಂತ ಕೆಳಗೆ ಹತ್ತು ನಿಮಿಷ ನಿಂತಿತು ಅಂದರೆ ಬೋರ್ಡ್ ಕಂಪ್ಯೂಟರ್‌ಗೆ ಮುಚ್ಚಿಕೋ ಅಂತ ಸಂದೇಶ ಕಳಿಸುತ್ತೆ. ಕಂಪ್ಯೂಟರ್ ಎಳೆಯುವ ಕರೆಂಟ್ 0.2 ಆಂಪಿಯರ್‌ಗಿಂತ ಕೆಳಗಿಳಿಯೋದನ್ನು ಕಾದು, ರಿಲೇಯಿಂದ, ಅಂದರೆ ಬೋರ್ಡೇ ನಡೆಸುವ ಸ್ವಿಚ್ಚಿನಿಂದ, ಅದರ 12 ವೋಲ್ಟನ್ನೇ ಕತ್ತರಿಸುತ್ತೆ. ಮನೆಗೆ ಕರೆಂಟ್ ಬಂದು ಬ್ಯಾಟರಿ ಅರ್ಧ ಗಂಟೆ ಚಾರ್ಜ್ ಆದ ಮೇಲೆ ರಿಲೇ ಬಿಡುತ್ತೆ. ಕಂಪ್ಯೂಟರ್ ಕಣ್ಣಿಗೆ ಅದೇ ಕರೆಂಟ್ ಬಂದ ಹಾಗೆ, ಬಯಾಸ್ ಆಯ್ಕೆಯಂತೆ ತಾನೇ ಏಳುತ್ತೆ. ರಿಲೇಯಲ್ಲಿ, ಬೋರ್ಡ್ ಏನೂ ಹೇಳದಿದ್ದಾಗ ಕರೆಂಟ್ ಹರಿಯಲು ಬಿಡುವ (ನಾರ್ಮಲಿ ಕ್ಲೋಸ್ಡ್) ಕಾಂಟ್ಯಾಕ್ಟನ್ನೇ ಬಳಸಬೇಕು. ಕಾವಲು ಬೋರ್ಡ್ ಕೆಟ್ಟರೂ ಕಂಪ್ಯೂಟರ್ ನಿಲ್ಲಬಾರದು.

ಇನ್ನೊಂದು ರಿಲೇ ಫೈಬರ್ ಪೆಟ್ಟಿಗೆಗೆ. ಊರಿಗೇ ಕರೆಂಟ್ ಇಲ್ಲದೆ ಹೊತ್ತಾದರೆ ಆಚೆ ತುದಿಯ ಉಪಕರಣದ ಬ್ಯಾಟರಿಯೂ ಮುಗಿದು ನೆಟ್ ಸಾಯುತ್ತೆ. ಆಗ ನಮ್ಮ ಪೆಟ್ಟಿಗೆ ಕೆಂಪು ದೀಪ ಮಿಣುಕಿಸುತ್ತಾ 5 ವ್ಯಾಟ್ ತಿನ್ನೋದು ಬರೀ ನಷ್ಟ. ಒಂದು ಗಂಟೆ ನೆಟ್ ಇಲ್ಲದಿದ್ದರೆ ಅದನ್ನು ಆರಿಸಿ, ಗಂಟೆಗೊಮ್ಮೆ ಐದು ನಿಮಿಷ ಹಚ್ಚಿ ನೋಡುವ ಹಾಗೆ ಬರೆದೆ. ಇಷ್ಟರಿಂದಲೇ 30 ಗಂಟೆ 40ರ ಹತ್ತಿರ ಹೋಯಿತು.

ಗುಡುಗು ಶುರುವಾದರೆ ಪ್ಲಗ್ ಕೀಳೋದು ಮಲೆನಾಡಿನ ಮನೆಮನೆಯ ಅಭ್ಯಾಸ, ಒಳ್ಳೆಯ ಅಭ್ಯಾಸ. ಈ ಕಟ್ಟಿನಲ್ಲಿ ಆ ಅಭ್ಯಾಸಕ್ಕೆ ಜಾಗ ಇದೆ. ಏಪ್ರಿಲ್ ಮೇ ತಿಂಗಳ ಸಂಜೆ ಮೋಡ ಕಟ್ಟಿದೊಡನೆ ಅಮ್ಮ ಎಸ್‌ಎಂಪಿಎಸ್‌ನ ಪ್ಲಗ್ ಕಿತ್ತಿಡುತ್ತಾರೆ. ಕಂಪ್ಯೂಟರ್ ಬ್ಯಾಟರಿ ಮೇಲೆ ಓಡ್ತಾನೇ ಇರುತ್ತೆ. ಫೈಬರ್ ಗಾಜಿನ ಎಳೆ, ಅದರಲ್ಲಿ ಸಿಡಿಲು ಹರಿಯಲ್ಲ ಅಂತ ನಿಶ್ಚಿಂತೆಯಿಂದ ಕೂರುವವರಿದ್ದಾರೆ. ಕಂಬದಿಂದ ಮನೆಗೆ ಎಳೆಯುವ ಕೇಬಲ್ಲಿನಲ್ಲಿ ಜಗ್ಗು ತಡೆಯಲಿಕ್ಕೆ ಉಕ್ಕಿನ ತಂತಿಯೂ ಇರುತ್ತೆ ಅನ್ನೋದು ನೆನಪಿರಲಿ. ಆ ತಂತಿಯನ್ನು ಸೂರಿನ ಹೊರಗೇ ಬೇರ್ಪಡಿಸಿ ಕೊಕ್ಕೆಗೆ ಕಟ್ಟಿ ಕತ್ತರಿಸಿ, ಗಾಜಿನ ಎಳೆಯ ಭಾಗ ಮಾತ್ರ ಒಳಗೆ ಬರುವ ಹಾಗೆ ಮಾಡಿಸಿದೆ. ಮನೆಯಿಂದ ಕೊಟ್ಟಿಗೆಗೆ, ಗೋದಾಮಿಗೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆದಿಲ್ಲ. ಹತ್ತಿರ ಸಿಡಿಲು ಬಡಿದರೆ ಆ ಉದ್ದನೆಯ ತಂತಿಯಲ್ಲೇ ವೋಲ್ಟೇಜ್ ಹುಟ್ಟಿ ಎರಡೂ ತುದಿಯ ಯಂತ್ರ ಹೋಗುತ್ತವೆ. ಅಲ್ಲಿಗೆಲ್ಲ ವೈಫೈ. ನ್ಯೂಟ್ರಲ್ ಕಿತ್ತಾಗ ಏರುವ ವೋಲ್ಟೇಜಿಗೆ ಮನೆಯ ಮೇನ್ ಬೋರ್ಡಿನಲ್ಲೇ ಓವರ್ ವೋಲ್ಟೇಜ್ ಕಟ್ ಆಫ್ ಕೂರಿಸಿದ್ದು ಬೇರೆ.

ತೇವದ ಬಗ್ಗೆ ಎಲ್ಲರಿಗೂ ಭಯ. ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಲ್ಲಿ ಎಲೆಕ್ಟ್ರಾನಿಕ್ಸ್ ಉಳಿಯುತ್ತಾ ಅಂತ. ಸದಾ ಓಡುವ ಯಂತ್ರಕ್ಕೆ ಇಲ್ಲೊಂದು ಅನುಕೂಲ ಇದೆ: 7 ವ್ಯಾಟ್‌ನ ಬಿಸಿ ಪೆಟ್ಟಿಗೆಯೊಳಗಿನ ಗಾಳಿಯನ್ನು ಕೋಣೆಗಿಂತ ಬೆಚ್ಚಗೆ ಇಡುತ್ತೆ, ಬೆಚ್ಚಗಿದ್ದಲ್ಲಿ ತೇವ ಕೂರಲ್ಲ. ಕಪಾಟಿನಲ್ಲಿ ಆರಿಸಿಟ್ಟ ಲ್ಯಾಪ್‌ಟಾಪ್‌ಗೆ ಹಿಡಿಯುವ ಬಿಳಿ ಬೂಷ್ಟು ಇದಕ್ಕೆ ಹಿಡಿಯಲ್ಲ. ಆದರೆ ಆ ಬೆಚ್ಚಗೇ ಇರುವೆಯನ್ನೂ ಹಲ್ಲಿಯನ್ನೂ ಕರೆಯುತ್ತೆ. ಗಾಳಿ ಕಿಂಡಿಗಳಿಗೆ ನೈಲಾನ್ ಸೊಳ್ಳೆಪರದೆ ಅಂಟಿಸಿದೆ, ಬಳಸದ ಯುಎಸ್‌ಬಿ ಕಿಂಡಿಗಳಿಗೆ ರಬ್ಬರ್ ಮುಚ್ಚಳ ಹಾಕಿದೆ. ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಹಲಗೆ ಮೇಲೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ಮಣ್ಣಿನ ಗೋಡೆ ಬೆವರುತ್ತೆ.

ಸಾಫ್ಟ್‌ವೇರ್ ವಿಚಾರ ಬೇಗ ಮುಗಿಸ್ತೀನಿ, ಅದರ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ಲಿನಕ್ಸ್ ಜಾತಿಯ ಡೆಬಿಯನ್ 12, ಪರದೆ ಇಲ್ಲದೆ. ಫೋಟೊಗೆ ಸಿಂಕ್‌ಥಿಂಗ್, ಜಾಹೀರಾತಿಗೆ ಪೈ ಹೋಲ್, ವಿಕಿಪೀಡಿಯಕ್ಕೆ ಕಿವಿಕ್ಸ್, ಸೆನ್ಸರ್ ಸಂದೇಶಕ್ಕೆ ಮಸ್ಕಿಟೊ. ವ್ಯಾಟ್ ಉಳಿಸುವ ಪವರ್‌ಟಾಪ್‌ನ ಸ್ವಯಂ ಹೊಂದಾಣಿಕೆ ಹಾಕಿದ್ದರಿಂದ ಒಂದೂವರೆ ವ್ಯಾಟ್ ಇಳಿಯಿತು. ಮೇಲೆ ಹೇಳಿದ 7 ವ್ಯಾಟ್ ಅದಾದ ಮೇಲಿನ ಅಳತೆ. ನಮ್ಮ ಕನೆಕ್ಷನ್‌ಗೆ ಪಬ್ಲಿಕ್ ಐಪಿ ಇಲ್ಲ, ಹೊರಗಿನಿಂದ ನೇರ ಬರಲಿಕ್ಕಾಗಲ್ಲ. ವೈರ್‌ಗಾರ್ಡ್ ಆಧಾರದ ಟೇಲ್‌ಸ್ಕೇಲ್ ಅನ್ನುವ ಖಾಸಗಿ ಸುರಂಗ (ವಿಪಿಎನ್) ಹಾಕಿದ ಮೇಲೆ ಬೆಂಗಳೂರಿನಲ್ಲಿರುವ ತಂಗಿಯೂ ಮನೆಯ ಫೋಟೊ, ಕಾಗದಪತ್ರ ನೋಡ್ತಾಳೆ. ಫೋಟೊ ವಿಂಗಡಿಸುವಂಥ ಭಾರದ ಕೆಲಸ ಕರೆಂಟ್ ಇದ್ದಾಗ ಮಾತ್ರ. ಕಾವಲು ಬೋರ್ಡ್ ಕರೆಂಟ್ ಹೋಯಿತು ಅಂದೊಡನೆ ಅವೆಲ್ಲ ನಿಲ್ಲುತ್ತವೆ.

ಇನ್ನು ಮಳೆ. ತೋಟದ ಬಯಲು ಜಾಗದಲ್ಲಿ ತಕ್ಕಡಿಯಂತೆ ಓಲಾಡುವ ಬಟ್ಟಲಿನ ಮಳೆಮಾಪಕ ಇದೆ. ಬಟ್ಟಲು ತುಂಬಿ ಒಮ್ಮೆ ಓಲಿದರೆ 0.2 ಮಿಲಿಮೀಟರ್ ಮಳೆ. ಮಾರಿದವರು ಹೇಳಿದ್ದನ್ನು ನಂಬದೆ ನೀವೇ ಪರೀಕ್ಷೆ ಮಾಡಬಹುದು. ನನ್ನದರ ಬಾಯಿ 20 ಸೆಂಟಿಮೀಟರ್ ಅಗಲ, ಅಂದರೆ 314 ಚದರ ಸೆಂಟಿಮೀಟರ್. ಅದರ ಮೇಲೆ 0.2 ಮಿಲಿಮೀಟರ್ ಅಂದರೆ 6.28 ಮಿಲಿಲೀಟರ್ ನೀರು. ಅಡುಗೆಮನೆಯಿಂದ ಅಳತೆ ಲೋಟ ತಂದು 628 ಮಿಲಿಲೀಟರ್ ನೀರನ್ನು ಹನಿಹನಿಯಾಗಿ ಬಿಟ್ಟರೆ ನೂರು ಸಲ ಓಲಬೇಕು. ಹೆಚ್ಚುಕಮ್ಮಿ ಬಂದರೆ ಬಟ್ಟಲಿನ ಅಡಿಯ ತಿರುಪು ಹೊಂದಿಸಿ ಮತ್ತೆ ಬಿಡಬೇಕು. ತಾಳ್ಮೆಯ ಕೆಲಸ, ಬಿಡಬಾರದ ಕೆಲಸ. ಇಷ್ಟಾದರೂ ಧೋ ಅಂತ ಸುರಿಯುವಾಗ ಈ ಜಾತಿಯ ಮಾಪಕ ಕಡಿಮೆ ತೋರಿಸುತ್ತೆ: ಬಟ್ಟಲು ಓಲುವ ಆ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗಲ್ಲ. ಘಟ್ಟದ ಮಳೆಗೆ ಇದು ಸಣ್ಣ ಸಂಗತಿಯಲ್ಲ. ಅದಕ್ಕೇ ಪಕ್ಕದಲ್ಲಿ ಹಳೆಯ ರೀತಿಯ, ಕೈಯಲ್ಲಿ ಅಳೆಯುವ ಮಾಪಕವೂ ಇದೆ. ಹವಾಮಾನ ಇಲಾಖೆಯ ದಿನ ಮುಗಿಯೋದು ಬೆಳಿಗ್ಗೆ 8.30ಕ್ಕೆ, ನನ್ನ ಲೆಕ್ಕವೂ 8.30ರಿಂದ 8.30ರವರೆಗೆ. ದಿನದ ಮೊತ್ತವನ್ನು ಕೈ ಅಳತೆಗೆ ಹೊಂದಿಸಿಕೊಳ್ತೀನಿ, ಗಂಟೆಗಂಟೆಯ ಏರಿಳಿತ ಓಲುವ ಬಟ್ಟಲಿನಿಂದ ಸಿಗುತ್ತೆ.

ಮಾಪಕದಿಂದ ಮನೆಗೆ ತಂತಿ ಇಲ್ಲ, ಸಿಡಿಲಿನ ಕಾರಣಕ್ಕೇ. ಅಲ್ಲೊಂದು ಇಎಸ್‌ಪಿ 32, ಒಂದು 18650 ಲಿಥಿಯಂ ಸೆಲ್. ಬಟ್ಟಲು ಓಲಿದಾಗ ಮಾತ್ರ ಎಚ್ಚರವಾಗಿ ಎಣಿಸಿ ಮತ್ತೆ ಮಲಗುತ್ತೆ, ಗಂಟೆಗೊಮ್ಮೆ ವೈಫೈ ಹಚ್ಚಿ ಲೆಕ್ಕ ಕಳಿಸುತ್ತೆ. ಮನೆಯ ಕಂಪ್ಯೂಟರ್ ಸಿಕ್ಕಿತು ಅನ್ನುವವರೆಗೆ ಹಳೆಯ ಲೆಕ್ಕ ಅಳಿಸಲ್ಲ. ಹಾಗಾಗಿ 40 ಗಂಟೆಯೂ ಮೀರಿ ಕಂಪ್ಯೂಟರ್ ಮಲಗಿದರೂ ಮಳೆಯ ದಾಖಲೆಯಲ್ಲಿ ತೂತು ಬೀಳಲ್ಲ.

ಅಪ್ಪಯ್ಯನಿಗೆ ಜೂನ್ ಎಷ್ಟು, ಜುಲೈ ಎಷ್ಟು ಅಂತ ಹೇಳಿದರೆ ಪ್ರಯೋಜನ ಇಲ್ಲ. ಅವರ ಲೆಕ್ಕ ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರ್ತಾನೆ. ಆರಿದ್ರ ಜೂನ್ 21-22ರ ಹೊತ್ತಿಗೆ, ಪುನರ್ವಸು ಜುಲೈ 5-6ಕ್ಕೆ, ಪುಷ್ಯ 19-20ಕ್ಕೆ ಹುಟ್ಟುತ್ತೆ. ಪಂಚಾಂಗ ನೋಡಿ ತಾರೀಕುಗಳನ್ನು ಒಂದು ಕಡತದಲ್ಲಿ ತುಂಬಿ, ಆ ಪ್ರಕಾರ ಮೊತ್ತ ತೋರಿಸುವ ಪುಟ ಮಾಡಿದೆ. ಅಲ್ಲಿಯವರೆಗೆ ಈ ಪೆಟ್ಟಿಗೆಯನ್ನು ದೂರದಿಂದಲೇ ನೋಡ್ತಿದ್ದವರು ಈಗ ಬೆಳಿಗ್ಗೆ ಕಾಫಿ ಮುಗಿಸಿ ಫೋನ್ ನನ್ನ ಮುಂದೆ ಹಿಡೀತಾರೆ. “ಆರಿದ್ರ ಎಷ್ಟು ಹೊಡೀತು, ನೋಡಾ.”

ಅವರು ಕೇಳೋದು ಕುತೂಹಲಕ್ಕಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಮಳೆಗೆ ಕಾಯಿ ಕೊಳೆತು ಉದುರುವ ಅಡಿಕೆಯ ಕೊಳೆ ರೋಗದ ಬಗ್ಗೆ ಬರೆದಿದ್ದರು. ಇವತ್ತಿಗೂ ನಮ್ಮ ಮೊದಲ ಅಸ್ತ್ರ ಬೋರ್ಡೋ ದ್ರಾವಣವೇ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನಕ್ಕೆ ಇನ್ನೊಂದು ಸಲ ಹೊಡೀಬೇಕು. ಆ ಎರಡನೆಯದು ಬೀಳೋದು ಸರಿಯಾಗಿ ಪುಷ್ಯದ ಜಡಿಮಳೆಯಲ್ಲಿ. ಮರ ಹತ್ತುವವರು ಸಿಗಬೇಕು, ಗೊನೆ ಮೇಲೆ ಔಷಧಿ ಒಣಗುವಷ್ಟು ಹೊಳವು (ಮಳೆ ಬಿಡುವು) ಬೇಕು. ಹಿಂದಿನ ಸಲ ಹೊಡೆದ ಮೇಲೆ ಒಟ್ಟು ಎಷ್ಟು ಮಳೆ ಬಿತ್ತು, ದಿನದ ಯಾವ ಹೊತ್ತಿಗೆ ಹೊಳವು ಕೊಡ್ತಿದೆ ಅನ್ನೋದು ಕಣ್ಣ ಮುಂದಿದ್ದರೆ ಯಾವ ತೋಟಕ್ಕೆ ಮೊದಲು ಜನ ಕಳಿಸಬೇಕು ಅನ್ನೋದು ತೀರ್ಮಾನ ಆಗುತ್ತೆ. ಗಂಟೆವಾರು ಪಟ್ಟಿಯಲ್ಲಿ ಸೊನ್ನೆಗಳು ಸಾಲಾಗಿ ನಿಂತ ಜಾಗ ತೋರಿಸಿ ಅಪ್ಪಯ್ಯ ಕೊನೆಗಾರನಿಗೆ ಫೋನ್ ಮಾಡೋದನ್ನು ನೋಡಿದ ಮೇಲೆ ಈ ಪುಟಕ್ಕೆ ಇನ್ನಷ್ಟು ಕೆಲಸ ಹಾಕಬೇಕು ಅನ್ನಿಸಿದೆ.

ಮುಂದಿನದು ಹಳ್ಳದ ಪಂಪ್‌ಹೌಸ್. ತ್ರೀ ಫೇಸ್ ಬಂತಾ ಅಂತ ನೋಡಲಿಕ್ಕೆ ಜಾರುವ ದಾರಿಯಲ್ಲಿ ಇಳಿದು ಹೋಗಬೇಕು, ಅಲ್ಲಿಗೆ ವೈಫೈ ಮುಟ್ಟಲ್ಲ. ಲೈಸೆನ್ಸ್ ಬೇಡದ 865ರಿಂದ 867 ಮೆಗಾಹರ್ಟ್ಸ್‌ನ ಲೋರಾ ಅನ್ನುವ, ಕಡಿಮೆ ಕರೆಂಟಿನಲ್ಲಿ ದೂರ ಮುಟ್ಟುವ ರೇಡಿಯೊ ಜೋಡಿ ತಂದಿಟ್ಟಿದ್ದೇನೆ. ಒಂದೊಂದು ಫೇಸಿಗೆ ಒಂದೊಂದು ಹಳೆಯ ಮೊಬೈಲ್ ಚಾರ್ಜರ್, ಮೂರೂ ಜೀವಂತ ಇದ್ದರೆ ಮನೆಗೆ ಸಂದೇಶ. ಆಂಟೆನಾ ಕಟ್ಟಲಿಕ್ಕೆ ದರೆಯ ಮೇಲಿನ ಹಲಸಿನ ಮರ ಸರಿಯಾಗಿದೆ. ಮಳೆ ಬಿಟ್ಟು ಪಾಚಿ ಒಣಗಿದ ಮೇಲೆ ಹತ್ತಬೇಕು.